ಬದನೆಯ ಪರೀಕ್ಷೆ ಮಾಡಿದ್ದು ಯಾರು?

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಕೃಷಿ ಪದವೀಧರರು, ಸ್ವಂತ ಹೊಲವೂ ಇದೆ. ಅವರ ಪತ್ರ ಬಿಟಿ ಬದನೆಯ ಬಗ್ಗೆ, ಅಂದರೆ ಕಾಯಿ ಕೊರೆಯುವ ಹುಳವನ್ನು ಕೊಲ್ಲುವ ವಿಷ ಗಿಡದಲ್ಲೇ ತಯಾರಾಗುವಂತೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬದನೆ. “ಬಿಟಿ ಬದನೆಯನ್ನು 2010ರಿಂದ ತಡೆಹಿಡಿದಿದ್ದಾರೆ. ಬಾಂಗ್ಲಾದೇಶದಲ್ಲಿ 2014ರಿಂದಲೇ ಬೆಳೆದು ತಿನ್ನುತ್ತಿದ್ದಾರೆ. ನೀವು ಪತ್ರಿಕೆಯವರು ಸುಮ್ನೆ ಹೆದರಿಸುತ್ತೀರಿ. ಇನ್ನೆಷ್ಟು ಪರೀಕ್ಷೆ ಬೇಕು?” ಅಂತ ಅವರ ಪ್ರಶ್ನೆ.

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕಾಯಿಕೊರಕದ ಕಾಟ ಸಣ್ಣದಲ್ಲ. ಮೇಲೆ ನುಣ್ಣಗೆ ಹೊಳೆಯುವ ಕಾಯಿ, ಹೆಚ್ಚಿದರೆ ಒಳಗೆಲ್ಲ ಹಿಕ್ಕೆ. ಹುಳ ಒಳಹೊಕ್ಕ ಮೇಲೆ ಔಷಧಿ ತಾಕುವುದಿಲ್ಲ, ಹಾಗಾಗಿ ರೈತ ಮತ್ತೆ ಮತ್ತೆ ಹೊಡೆಯುತ್ತಾನೆ. ಬಾಂಗ್ಲಾದಲ್ಲಿ ಔಷಧಿ ಖರ್ಚು ಇಳಿದದ್ದೂ ನಿಜ, ಒಪ್ಪುತ್ತೇನೆ.

ಆದರೆ ಎಷ್ಟು ಪರೀಕ್ಷೆ ಅಂತ ಕೇಳುವ ಮೊದಲು, ಮಾಡಿದ್ದು ಯಾರು ಅಂತ ಕೇಳಬೇಕಲ್ವಾ? ಬೀಜ ಮಾರಬೇಕಿದ್ದ ಮಹಿಕೋ ಕಂಪನಿಯೇ ಮಾಡಿದ, ಮಾಡಿಸಿದ ಪರೀಕ್ಷೆಗಳವು. ಇಲಿಗಳಿಗೆ 90 ದಿನ ತಿನ್ನಿಸಿ ನೋಡಿದರು, ನಾವು ಬದನೆ ತಿನ್ನುವುದು ಹಲ್ಲು ಬಂದಾಗಿನಿಂದ ಹಲ್ಲು ಬೀಳುವವರೆಗೆ. ಆ ಅಂಕಿಅಂಶ ಹೊರಗೆ ಬರಲು ಮಾಹಿತಿ ಹಕ್ಕಿನಡಿ ಗುದ್ದಾಡಬೇಕಾಯಿತು. 2009ರ ಅಕ್ಟೋಬರ್‌ನಲ್ಲಿ ಜಿಇಎಸಿ, ಅಂದರೆ ಇಂಥ ಜೀನ್ ಸೇರಿಸಿದ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಸಮಿತಿ, ಒಪ್ಪಿಗೆ ಕೊಟ್ಟೇಬಿಟ್ಟಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಏಳು ಊರುಗಳಲ್ಲಿ ಜನರ ಮಾತು ಕೇಳಿ, ಬೆಂಗಳೂರಿನ ಸಭೆ ಮುಗಿದ ಮೂರೇ ದಿನಕ್ಕೆ, 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಸ್ವತಂತ್ರ ಅಧ್ಯಯನ ಆಗಿ ಜನಕ್ಕೂ ತಜ್ಞರಿಗೂ ನಂಬಿಕೆ ಬರುವವರೆಗೆ ಬೇಡ ಅಂದರು. ಅದರಲ್ಲಿ ಹೆದರಿಸುವಂಥದ್ದೇನಿದೆ?

ಬದನೆ ನಮ್ಮ ನೆಲದ್ದೇ ಬೆಳೆ. ಬೆಳಿಗ್ಗೆ ಹೊಲಕ್ಕೆ ಹೋದಾಗ ಗಮನಿಸಿ, ದೊಡ್ಡ ಕಪ್ಪು ದುಂಬಿ ನೇರಳೆ ಹೂವನ್ನು ತಬ್ಬಿಕೊಂಡು ರೆಕ್ಕೆಯ ಸ್ನಾಯು ನಡುಗಿಸುತ್ತದೆ, ಹಳದಿ ಕೇಸರದ ತುದಿಯ ತೂತಿನಿಂದ ಪರಾಗ ಉದುರುತ್ತದೆ, ಅದನ್ನು ಹೊತ್ತು ಪಕ್ಕದ ಹೊಲಕ್ಕೆ ಹಾರುತ್ತದೆ. ಉಡುಪಿ ಹತ್ತಿರದ ಮಟ್ಟು ಊರಿನವರು ತಲೆತಲಾಂತರದಿಂದ ಬೀಜ ಎತ್ತಿಟ್ಟು ಉಳಿಸಿಕೊಂಡ ತೆಳು ಸಿಪ್ಪೆಯ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಹೊರಗಿನ ಜೀನ್ ಒಮ್ಮೆ ಅದಕ್ಕೆ ಸೇರಿದರೆ ವಾಪಸ್ ತೆಗೆಯುವವರು ಯಾರು? ನಿಮ್ಮ ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟೇ ಇರುತ್ತಾರೆ, ಪತ್ರ ಬರೆಯುವಾಗ ಯಾಕೆ ಬಿಟ್ಟಿರಿ?

ಹತ್ತಿಯನ್ನೂ ನೋಡಿ. 2002ರಲ್ಲಿ ಬಿಟಿ ಬಂದಾಗ ಕಾಯಿಕೊರಕದ ಕಥೆ ಮುಗಿಯಿತು ಅಂದರು. ಗುಲಾಬಿ ಕಾಯಿಕೊರಕ ಬಿಟಿಯ ವಿಷವನ್ನೂ ಅರಗಿಸಿಕೊಂಡಿತು. ರಾಯಚೂರಿನ ರೈತರನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ನನಗೆ ಇನ್ನೂ ಜಾಸ್ತಿ ನೋವಾಗುವುದು ಬೇರೆ ವಿಷಯಕ್ಕೆ. ಬದನೆಯಾಗಲಿ, ಆಮೇಲೆ ಬಂದ, ಹೊರಗಿನ ಜೀನ್ ಸೇರಿಸಿದ ಸಾಸಿವೆಯಾಗಲಿ, ಸುರಕ್ಷತೆಯ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿ. ಬೆಳೆಯುವವರು, ತಿನ್ನುವವರು ಏನು ಓದಿ ಅಭಿಪ್ರಾಯ ಹೇಳಬೇಕು? ಕೃಷಿ ಓದಿದ ಕನ್ನಡಿಗರು ಸಾವಿರಾರು ಜನ ಇದ್ದಾರೆ, ಕೂತು ಕನ್ನಡದಲ್ಲಿ ಬರೆಯುವವರು ಬೆರಳೆಣಿಕೆಯಷ್ಟು. ನಿಮ್ಮ ಬರವಣಿಗೆ ಖಡಕ್ಕಾಗಿದೆ. ಆ ಇಲಿ ಪರೀಕ್ಷೆಯ ವರದಿ ಓದಿ ರೈತರಿಗೆ ತಿಳಿಯುವ ಹಾಗೆ ನಾಲ್ಕು ಪುಟ ಬರೆದು ಕಳಿಸಿ. ಬಿಟಿ ಬೇಕೇ ಬೇಕು ಅಂತ ವಾದಿಸಿದರೂ ಸರಿ, ಒಂದಕ್ಷರ ತೆಗೆಯದೆ ಹಾಕುತ್ತೇನೆ.

— ಸಂಪಾದಕ