ಜಗತ್ತಿನ ಮೊದಲ ಪಶುವೈದ್ಯ ಕಾಲೇಜು ಪ್ಯಾರಿಸ್ ಬಿಟ್ಟು ಲಿಯೋನ್‌ನಲ್ಲಿ ಯಾಕೆ ಶುರುವಾಯಿತು?

ದನಗಳ ಸಾಂಕ್ರಾಮಿಕ ತಡೆಯೋಕೆ ಅಂತ ಹುಟ್ಟಿದ ಕಾಲೇಜು ರಾಜಧಾನಿ ಬಿಟ್ಟು ಲಿಯೋನ್‌ಗೆ ಹೋಗಿದ್ದು ಯಾಕೆ ಅಂತ ಕೇಳಿದ್ದೀರಿ. ನಾನು ಪಶುವೈದ್ಯ. ನಮಗೆ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದರು: 1761, ಲಿಯೋನ್, ಕ್ಲಾಡ್ ಬೂರ್ಜೆಲಾ. ಪರೀಕ್ಷೆಗೆ ಅಷ್ಟು ಸಾಕಿತ್ತು.

ಕಾರಣ ಸರಳ. ಆ ಕಾಲೇಜು ಕಟ್ಟಿದ ಬೂರ್ಜೆಲಾ ಲಿಯೋನ್‌ನವನು. 1712ರಲ್ಲಿ ಅಲ್ಲೇ ಹುಟ್ಟಿದ. ಅವನೇನು ವೈದ್ಯನಲ್ಲ, 1740ರಿಂದ ಅಲ್ಲಿನ ಕುದುರೆ ಸವಾರಿ ಶಾಲೆ ನಡೆಸುತ್ತಿದ್ದ. ಆಗ ಕುದುರೆಗೆ ಕಾಯಿಲೆ ಬಂದರೆ ಲಾಳ ಕಟ್ಟುವವನೇ ಡಾಕ್ಟರ್. ಇವನಿಗೆ ಅದು ಸಾಲದೆನಿಸಿತು. ಊರಿನ ಸರ್ಜನ್‌ಗಳ ಜೊತೆ ಸೇರಿ ಸತ್ತ ಕುದುರೆಗಳನ್ನು ಕೊಯ್ದು ನೋಡಿದ, ಕುದುರೆ ವೈದ್ಯದ ಬಗ್ಗೆ ಪುಸ್ತಕವನ್ನೂ ಬರೆದ.

ಆದರೆ ಪುಸ್ತಕ ಬರೆದವರಿಗೆಲ್ಲ ಕಾಲೇಜು ಸಿಗುವುದಿಲ್ಲ, ಅಲ್ವಾ? ಇವನಿಗೆ ಒಬ್ಬ ಗೆಳೆಯನಿದ್ದ, ಆಂರಿ ಬೆರ್ತಾಂ. ನಮ್ಮಲ್ಲಿ ಜಿಲ್ಲಾಧಿಕಾರಿ ಇದ್ದ ಹಾಗೆ ಅವನು ಲಿಯೋನ್ ಸೀಮೆಗೆ ರಾಜನ ಅಧಿಕಾರಿಯಾಗಿದ್ದ. 1759ರಲ್ಲಿ ಇಡೀ ಫ್ರಾನ್ಸ್‌ನ ಹಣಕಾಸು ಅವನ ಕೈಗೆ ಬಂತು. ಆ ಶತಮಾನದ ಯುರೋಪಿನಲ್ಲಿ ನಮ್ಮವರು ದೊಡ್ಡರೋಗ ಅನ್ನುವ ರಿಂಡರ್‌ಪೆಸ್ಟ್ ಅಲೆ ಅಲೆಯಾಗಿ ಬಂದು ಕೊಟ್ಟಿಗೆಗಳನ್ನೇ ಖಾಲಿ ಮಾಡುತ್ತಿತ್ತು. ಉಳುವ ಎತ್ತು ಸತ್ತರೆ ರೈತ ಕಂದಾಯ ಎಲ್ಲಿಂದ ಕಟ್ಟುತ್ತಾನೆ? ಹಣಕಾಸು ನೋಡುವವನಿಗೆ ಇದು ಬೇಗ ಅರ್ಥವಾಗುತ್ತದೆ. 1761ರ ಆಗಸ್ಟ್ 4ರಂದು 15ನೇ ಲೂಯಿಯ ಸರ್ಕಾರ ಶಾಲೆಗೆ ಒಪ್ಪಿಗೆ ಕೊಟ್ಟಿತು. ಆರು ವರ್ಷಕ್ಕೆ ಸೇರಿ 50,000 ಲೀವ್ರ್ (ಆಗಿನ ಫ್ರಾನ್ಸ್‌ನ ಹಣ) ಅನುದಾನ. ಆದೇಶದಲ್ಲಿ ಇದ್ದದ್ದು ಜಾನುವಾರು ರೋಗದ ಮಾತು. ಬೂರ್ಜೆಲಾನ ಮನಸ್ಸಿನಲ್ಲಿ ಇದ್ದದ್ದು ಕುದುರೆ. ಹಾಗಾಗಿ 'ದನಗಳಿಗೋಸ್ಕರ ಹುಟ್ಟಿದ ಕಾಲೇಜು' ಅನ್ನುವುದು ನನ್ನ ಪ್ರಕಾರ ಅರ್ಧ ಸತ್ಯ. ದುಡ್ಡು ತಂದದ್ದು ದನ, ಪಾಠದಲ್ಲಿ ಮೊದಲ ಜಾಗ ಕುದುರೆಗೆ.

1762ರಲ್ಲಿ ಶಾಲೆ ತೆರೆಯಿತು. ಭವ್ಯ ಕಟ್ಟಡ ಅಂದುಕೊಳ್ಳಬೇಡಿ. ರೋನ್ ನದಿಯ ಆಚೆ, ಗಿಯೋತಿಯೇರ್ ಅನ್ನುವ ಕಡೆ ಒಂದು ಹಳೇ ಛತ್ರದಂಥ ವಸತಿಗೃಹ. ಅಲ್ಲೇ ಲಾಳದ ಕುಲುಮೆ, ಔಷಧಿ ಮಾಡುವ ಕೋಣೆ, ಗಿಡಮೂಲಿಕೆ ತೋಟ, ಪ್ರಾಣಿ ಕೊಯ್ದು ಕಲಿಯುವ ಜಾಗ. ಅಂಗರಚನೆ ಕಲಿಸಿದವನು ಓನೊರೆ ಫ್ರಾಗೊನಾರ್. ಚರ್ಮ ಸುಲಿದ ಕುದುರೆ ಮತ್ತು ಅದರ ಮೇಲೆ ಕೂತ ಸವಾರನ ದೇಹವನ್ನು ಮಾಂಸಖಂಡ ಕಾಣುವಂತೆ ಒಣಗಿಸಿ ಇಟ್ಟವನು ಇವನೇ. ಅದು ಈಗಲೂ ಪ್ಯಾರಿಸ್ ಪಕ್ಕದ ಆಲ್ಫೋರ್‌ನ ಮ್ಯೂಸಿಯಂನಲ್ಲಿದೆ. ನೋಡೋಕೆ ಸ್ವಲ್ಪ ಗಟ್ಟಿ ಮನಸ್ಸು ಬೇಕು.

ಶಾಲೆ ತೆರೆದ ವರ್ಷವೇ ಹುಡುಗರನ್ನು ಹಳ್ಳಿಗಳಿಗೆ ದನಗಳ ರೋಗ ನೋಡೋಕೆ ಕಳಿಸಿದರು. ಗುಣವಾದವು ಅಂತ ಬೂರ್ಜೆಲಾ ಜೋರಾಗಿಯೇ ಪ್ರಚಾರ ಮಾಡಿದ. ನನಗೆ ಅದರಲ್ಲಿ ಪೂರ್ತಿ ನಂಬಿಕೆ ಇಲ್ಲ. ರೋಗಾಣು ಅಂದರೇನು ಅಂತಲೇ ಗೊತ್ತಿಲ್ಲದ ಕಾಲ ಅದು. ದೊಡ್ಡರೋಗಕ್ಕಂತೂ ಕೊನೆಯ ತನಕ ಗುಣಪಡಿಸುವ ಔಷಧಿ ಬರಲೇ ಇಲ್ಲ, ಕೆಲಸ ಮಾಡಿದ್ದು ಲಸಿಕೆ. ಆದರೆ ಪ್ರಚಾರ ಫಲ ಕೊಟ್ಟಿತು. 1764ರಲ್ಲಿ 'ರಾಯಲ್' ಅನ್ನುವ ಬಿರುದು ಸಿಕ್ಕಿತು. ಹೊರದೇಶದವರೂ ಬಂದರು. ಡೆನ್ಮಾರ್ಕ್‌ನಿಂದ ಬಂದು ಕಲಿತ ಅಬಿಲ್ಡ್‌ಗಾರ್ಡ್ 1773ರಲ್ಲಿ ಕೋಪನ್‌ಹೇಗನ್‌ನಲ್ಲಿ ಶಾಲೆ ಕಟ್ಟಿದ. ಲಿಯೋನ್‌ನಲ್ಲೇ ಓದಿದ ಸೇಂಟ್ ಬೆಲ್ 1791ರ ಲಂಡನ್ ಕಾಲೇಜಿಗೆ ಮೊದಲ ಪ್ರೊಫೆಸರ್.

ಅಂದಹಾಗೆ, ಪ್ಯಾರಿಸ್ ಏನೂ ಸುಮ್ನೆ ಕೂರಲಿಲ್ಲ. ನಾಲ್ಕೈದು ವರ್ಷದಲ್ಲೇ ಬೂರ್ಜೆಲಾನನ್ನು ಕರೆಸಿಕೊಂಡು ಆಲ್ಫೋರ್‌ನಲ್ಲಿ ಎರಡನೇ ಶಾಲೆ ಮಾಡಿಸಿತು. ಫ್ರಾಗೊನಾರ್‌ನೂ ಅಲ್ಲಿಗೇ ಹೋದ. ಲಿಯೋನ್ ಶಾಲೆ ಬಡವಾಯಿತು, ಆದರೆ ಬಾಗಿಲು ಹಾಕಲಿಲ್ಲ. ಜಾಗ, ಹೆಸರು ಬದಲಾಗಿ ಇವತ್ತಿಗೂ ನಡೀತಿದೆ.