ಹೆಸರು ನೋಂದಾಯಿಸಿದ ಮೇಲೆ ಚೆಸ್ ಎಂಜಿನ್‌ಗಳಿಗೆ ಕೋರ್ ಮಿತಿ ಹಾಕಬಹುದೇ?

ಮೈಸೂರಿನ ನಿಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಬರೆದ ಚೆಸ್ ಎಂಜಿನ್‌ಗಳ (ಚೆಸ್ ಆಡುವ ಪ್ರೋಗ್ರಾಂಗಳ) ಟೂರ್ನಿ ಇದೆ, ಒಂದು ತಂಡ 16 ಕೋರ್‌ಗಳ (ಪ್ರೊಸೆಸರ್‌ನೊಳಗೆ ಏಕಕಾಲಕ್ಕೆ ಲೆಕ್ಕ ಮಾಡುವ ಘಟಕಗಳ) ಯಂತ್ರ ತರುತ್ತದೆ ಎಂದು ತಿಳಿದು ಉಳಿದವರು ನಾಲ್ಕೇ ಕೋರ್ ಇರಲಿ ಎಂದು ಪಟ್ಟು ಹಿಡಿದಿದ್ದಾರೆ, ನೋಂದಣಿ ಮುಗಿದ ಮೇಲೆ ನಿಯಮ ಬದಲಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬದಲಿಸಬೇಡಿ. ಮಂಡ್ಯದ ಒಂದು ಕಾಲೇಜಿನಲ್ಲಿ ನಾನೂ ಆಯೋಜಕರಲ್ಲಿ ಒಬ್ಬನಾಗಿ ಈ ತಪ್ಪು ಮಾಡಿದ್ದೇನೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಈ ಜಗಳ ನಿಮ್ಮಲ್ಲೇ ಹುಟ್ಟಿದ್ದಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಷಿಪ್‌ನಲ್ಲಿ ರಿಬ್ಕಾ ಎಂಬ ಎಂಜಿನ್ 40 ಕೋರ್‌ಗಳ ಕ್ಲಸ್ಟರ್ (ಒಂದಾಗಿ ದುಡಿಯುವಂತೆ ಜೋಡಿಸಿದ ಯಂತ್ರಗಳ ಗುಂಪು) ಮೇಲೆ ಆಡಿ ಗೆದ್ದಿತು. ಮರುವರ್ಷ ಸ್ಪೇನಿನ ಪಾಂಪ್ಲೋನಾದ ಸ್ಪರ್ಧೆಗೆ ಆಯೋಜಕ ಸಂಸ್ಥೆ ಐಸಿಜಿಎ 8 ಕೋರ್‌ಗಳ ಮಿತಿ ವಿಧಿಸಿತು. ದೊಡ್ಡ ಯಂತ್ರಕ್ಕೆ ಹಣವಿಲ್ಲದವರೂ ಸೆಣಸುವಂತಿರಬೇಕು ಎನ್ನುವವರು ಒಂದು ಕಡೆ. ಅನೇಕ ಯಂತ್ರಗಳನ್ನು ಒಂದಾಗಿ ದುಡಿಸುವುದೇ ಒಂದು ವಿದ್ಯೆ, ಅದಕ್ಕೇಕೆ ಬೇಲಿ ಎನ್ನುವವರು ಇನ್ನೊಂದು ಕಡೆ. ಅಷ್ಟೆಲ್ಲ ಆದ ಮೇಲೂ ಪಾಂಪ್ಲೋನಾದಲ್ಲಿ 8 ಕೋರ್‌ಗಳಲ್ಲೇ ಆಡಿ ಮೊದಲ ಸ್ಥಾನ ಪಡೆದದ್ದು ರಿಬ್ಕಾವೇ! (ಬೇರೆ ಎಂಜಿನ್‌ಗಳಿಂದ ನಕಲು ಮಾಡಿದೆ ಎಂಬ ಕಾರಣಕ್ಕೆ 2011ರಲ್ಲಿ ಅದರ ಪ್ರಶಸ್ತಿಗಳನ್ನು ಹಿಂಪಡೆದರು. ಅದು ಬೇರೆಯೇ ವ್ಯಾಜ್ಯ.) 2010ರಲ್ಲಿ ಜಪಾನಿನ ಕನಜಾವಾದಲ್ಲಿ ಮಿತಿಯನ್ನು ತೆಗೆದುಹಾಕಿ, ಎಲ್ಲರೂ ಒಂದೇ ಬಗೆಯ ಯಂತ್ರದಲ್ಲಿ ಆಡುವ ಪ್ರತ್ಯೇಕ ತಂತ್ರಾಂಶ ಚಾಂಪಿಯನ್‌ಷಿಪ್ ಆರಂಭಿಸಿದರು. ನನ್ನ ಪ್ರಕಾರ ಮೊದಲೇ ಮಾಡಬೇಕಿದ್ದ ಕೆಲಸ ಅದು.

ಹೆಚ್ಚು ಕೋರ್ ಇದ್ದವರು ಸುಮ್ಮನೆ ಕುಳಿತು ಗೆಲ್ಲುತ್ತಾರೆ ಎಂಬ ನಂಬಿಕೆಯೇ ಈ ಜಗಳದ ಬೇರು. ಚೆಸ್ ಎಂಜಿನ್ ಒಂದು ನಡೆಯನ್ನು ಪರೀಕ್ಷಿಸಿ ಸಿಕ್ಕ ಅಂಕದ ಬಲದಿಂದಲೇ ಮುಂದಿನ ಎಷ್ಟೋ ನಡೆಗಳನ್ನು ನೋಡದೆ ಕೈಬಿಡುತ್ತದೆ. ಒಂದರ ಫಲಿತಾಂಶ ಬರುವ ಮೊದಲೇ ಹದಿನಾರು ಕೋರ್‌ಗಳು ಹದಿನಾರು ದಾರಿ ಹಿಡಿದರೆ, ಕೈಬಿಡಬಹುದಾಗಿದ್ದ ದಾರಿಗಳಲ್ಲೇ ಅರ್ಧ ಶ್ರಮ ಸೋರಿಹೋಗಬಹುದು. ಹಾಗಾಗದಂತೆ ಕೆಲಸ ಹಂಚುವುದರಲ್ಲಿ ಬರೆದವರ ಜಾಣ್ಮೆ ಕಾಣುತ್ತದೆ. 1995ರ ಹಾಂಗ್‌ಕಾಂಗ್ ಸ್ಪರ್ಧೆಯಲ್ಲಿ ಚೆಸ್‌ಗಾಗಿಯೇ ಐಬಿಎಂ ಕಟ್ಟುತ್ತಿದ್ದ ಡೀಪ್ ಬ್ಲೂ ಯಂತ್ರದ ಪ್ರಾಯೋಗಿಕ ಮಾದರಿಯನ್ನು ಸೋಲಿಸಿದ್ದು 90 ಮೆಗಾಹರ್ಟ್ಸ್‌ನ ಸಾಮಾನ್ಯ ಪೆಂಟಿಯಂ ಪ್ರೊಸೆಸರ್ ಮೇಲೆ ಓಡುತ್ತಿದ್ದ ಫ್ರಿಟ್ಸ್ ಎಂಬ ಎಂಜಿನ್. ಆ ವರ್ಷದ ಚಾಂಪಿಯನ್ ಕೂಡ ಅದೇ.

ಈಗ ಮಂಡ್ಯದ ಕಥೆ. ಒಂಬತ್ತು ತಂಡಗಳಿದ್ದವು. ಒಂದು ತಂಡದ ನಾಲ್ವರು ಹುಡುಗರು ಹಣ ಕೂಡಿಸಿ, ಹಳೆಯ ಬಿಡಿಭಾಗಗಳಿಂದ 16 ಕೋರ್‌ಗಳ ಯಂತ್ರವೊಂದನ್ನು ಜೋಡಿಸಿ, ಅದನ್ನು ಬೆಡ್‌ಶೀಟ್‌ನಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದರು. ಮೊದಲ ದಿನ ಅವರು ಮೂರೂ ಆಟ ಗೆದ್ದರು. ಸಂಜೆ ದೂರುಗಳು ಬಂದವು. ನಾವು ಆಯೋಜಕರು ಕಾಫಿ ಕುಡಿಯುತ್ತ ಅರ್ಧ ಗಂಟೆ ಮಾತನಾಡಿ, ನಾಳೆಯಿಂದ ಎಲ್ಲರಿಗೂ ನಾಲ್ಕೇ ಕೋರ್ ಎಂದು ತೀರ್ಮಾನಿಸಿದೆವು. ನಾನೂ ಕೈ ಎತ್ತಿದೆ. ಆ ಹುಡುಗರು ಮೂರು ತಿಂಗಳು ಬರೆದದ್ದೆಲ್ಲ ಕೋರ್‌ಗಳ ನಡುವೆ ಕೆಲಸ ಹಂಚುವ ಭಾಗವೇ ಎಂದು ನನಗೆ ಗೊತ್ತಾದದ್ದು ಮರುದಿನ, ಅವರು ಸೋತ ಮೇಲೆ. ಅವರಲ್ಲೊಬ್ಬ ನನ್ನ ಬಳಿ ಬಂದು, 'ಸಾರ್, ಇದನ್ನು ಮೊದಲೇ ಹೇಳಿದ್ದರೆ ನಾವು ಬೇರೆ ರೀತಿ ಬರೆಯುತ್ತಿದ್ದೆವಲ್ಲ?' ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.

ಇಷ್ಟಾಗಿ ಆ ಮಿತಿಯಿಂದ ಸಮಾನತೆಯಾದರೂ ಬಂತೇ? ಅದೂ ಇಲ್ಲ. ಹೊಸ ಲ್ಯಾಪ್‌ಟಾಪಿನ ನಾಲ್ಕು ಕೋರ್‌ಗಳೂ ಏಳು ವರ್ಷ ಹಳೆಯದರ ನಾಲ್ಕು ಕೋರ್‌ಗಳೂ ಒಂದೇ ಅಲ್ಲ. ಚಾರ್ಜರ್ ತೆಗೆದರೆ ಅನೇಕ ಲ್ಯಾಪ್‌ಟಾಪ್‌ಗಳ ವೇಗ ತಾನಾಗಿ ಇಳಿಯುತ್ತದೆ, ಬಿಸಿಯಾದರೂ ಇಳಿಯುತ್ತದೆ. ಮಂಡ್ಯದ ಆ ಲ್ಯಾಬಿನಲ್ಲಿ ಮಧ್ಯಾಹ್ನ ಕರೆಂಟ್ ಹೋದಾಗ ಇದನ್ನು ಕಣ್ಣಾರೆ ಕಂಡೆ. ನರಜಾಲದ (ಮಿದುಳಿನ ಮಾದರಿಯಲ್ಲಿ ಕಲಿಯುವ) ಎಂಜಿನ್‌ಗಳು ಬಂದ ಮೇಲಂತೂ ಅಳತೆಯೇ ಕಷ್ಟವಾಗಿದೆ. 2017ರಲ್ಲಿ ಅಂಥದ್ದೇ ಎಂಜಿನ್ ಆಲ್ಫಾಝೀರೊ, ನರಜಾಲದ ಲೆಕ್ಕಕ್ಕೆಂದೇ ಮಾಡಿದ ನಾಲ್ಕು ಟಿಪಿಯು ಚಿಪ್‌ಗಳ ಮೇಲೆ ಆಡಿ, ಸಾಮಾನ್ಯ ಪ್ರೊಸೆಸರ್ ಬಳಸಿದ ಸ್ಟಾಕ್‌ಫಿಶ್ ಎಂಬ ಎಂಜಿನ್ ವಿರುದ್ಧ 100 ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡಾಗ, ಸ್ಟಾಕ್‌ಫಿಶ್‌ಗೆ ಕೊಟ್ಟ 1 ಜಿಬಿ ಹ್ಯಾಶ್ ಮೆಮೊರಿ (ಲೆಕ್ಕ ಹಾಕಿದ ಸ್ಥಿತಿಗಳನ್ನು ನೆನಪಿಡುವ ಜಾಗ) ತೀರಾ ಕಡಿಮೆ ಎಂಬ ಆಕ್ಷೇಪ ಎದ್ದಿತು. ನಾಲ್ಕು ಟಿಪಿಯು ಎಷ್ಟು ಕೋರ್‌ಗಳಿಗೆ ಸಮ ಎಂದರೆ ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಮೈಸೂರಿನವರಾದ ನಿಮಗೆ ದಸರಾ ಕುಸ್ತಿಯ ಜೋಡಿ ಕಟ್ಟುವುದು ಗೊತ್ತಿರುತ್ತದೆ. ಪೈಲ್ವಾನರ ಮೈಕಟ್ಟು, ತೂಕ ನೋಡಿ ಯಾರಿಗೆ ಯಾರು ಎಂದು ಮೊದಲೇ ನಿಶ್ಚಯಿಸುತ್ತಾರೆ. ತಕರಾರು ಇದ್ದರೆ ಅಲ್ಲೇ ಹೇಳಬೇಕು, ಅಖಾಡಕ್ಕೆ ಇಳಿದು ಮಣ್ಣು ಹಚ್ಚಿಕೊಂಡ ಮೇಲಲ್ಲ.

ಆದ್ದರಿಂದ ಈ ಸಲ ನೋಂದಣಿಯ ವೇಳೆ ಇದ್ದ ನಿಯಮದಲ್ಲೇ ನಡೆಸಿ. ಉಳಿದವರ ಅಳಲೂ ಸುಳ್ಳಲ್ಲ, ಹಾಗಾಗಿ ಸಮಯವಿದ್ದರೆ ಕಾಲೇಜಿನ ಲ್ಯಾಬಿನ ಒಂದೇ ಬಗೆಯ ಕಂಪ್ಯೂಟರ್‌ಗಳಲ್ಲಿ ಇನ್ನೊಂದು ವಿಭಾಗ ತೆರೆಯಿರಿ, ಬಯಸಿದವರು ಎರಡರಲ್ಲೂ ಆಡಲಿ. ಮುಂದಿನ ವರ್ಷದ ಪ್ರಕಟಣೆಯಲ್ಲಿ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ಕರೆಂಟ್ ಹೋದರೆ ಗಡಿಯಾರ ನಿಲ್ಲುತ್ತದೆಯೇ ಎಂಬುದನ್ನೂ ಸೇರಿಸಿ ಎಲ್ಲವನ್ನೂ ಬರೆಯಿರಿ. ಆ ನಾಲ್ವರ ಕ್ಷಮೆ ಕೇಳಿದ ಮೇಲೆ ನಾವು ಸಿದ್ಧಪಡಿಸಿದ ಎರಡು ಪುಟದ ನಿಯಮಾವಳಿ ನನ್ನ ಬಳಿ ಇದೆ, ಬೇಕಿದ್ದರೆ ಕಳುಹಿಸುತ್ತೇನೆ.