ಓದುಗರ ಪ್ರಶ್ನೆ: ನಮ್ಮ ಮಡ್ಡಿಯೊಳಗ ಡೈನೋಸಾರ್ ಎಲುಬು ಸಿಗ್ತಾವೇನ್ರಿ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾ ಲೋಕಾಪುರ ಕಡೆಯಾಂವ, ಬಿಎಸ್ಸಿ ಓದಾಕತ್ತೀನಿ. ಯೂಟ್ಯೂಬ್‌ನಾಗ ಹೊರದೇಶದವ್ರು ಬ್ರಶ್ ಹಿಡ್ಕೊಂಡು ಗುಡ್ಡದಾಗ ಡೈನೋಸಾರ್ ಎಲುಬು ತಗಿಯೋದ್ ನೋಡಿ ನನಗೂ ಅದರ ಹುಚ್ಚು ಹಿಡದೈತಿ. ಈ ರಜಾದಾಗ ನಮ್ಮ ಸುತ್ತಮುತ್ತ ಹುಡುಕಿದ್ರ ಸಿಗ್ತಾವೇನ್ರಿ? ಸಿಕ್ರ ಹೆಂಗ ತಗೀಬೇಕು?

ಉತ್ತರ: ತಮ್ಮಾ, ಲೋಕಾಪುರದ ಸುತ್ತ ಡೈನೋಸಾರ್ ಎಲುಬು ಸಿಗಂಗಿಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ರಜಾ ಪೂರ್ತಿ ಬಿಸಲಾಗ ತಿರುಗಿ ಏನೂ ಸಿಗದ ಬ್ಯಾಸರಾಗಿ ಕೈಬಿಟ್ಟ ಹುಡುಗರನ್ನ ನಾ ನೋಡೀನಿ. ನಿಮ್ಮ ಕಡೆ ಸುಣ್ಣಗಲ್ಲು 100 ಕೋಟಿ ವರ್ಷಕ್ಕಿಂತ ಹಳೇದು, ಕಲಾದಗಿ ಊರಿನ ಹೆಸರಿಂದಾನ ಜಗತ್ತಿನ ಭೂವಿಜ್ಞಾನಿಗಳು ಆ ಕಲ್ಲನ್ನ ಗುರ್ತಿಸ್ತಾರ. ಡೈನೋಸಾರ್ ಬಂದಿದ್ದು ಸುಮಾರು 23 ಕೋಟಿ ವರ್ಷದ ಹಿಂದ. ಅಂದ್ರ ನಿಮ್ಮೂರ ಕಲ್ಲು ಆಗೋ ಹೊತ್ತಿಗೆ ಎಲುಬು ಇರೋ ಪ್ರಾಣಿ ಒಂದೂ ಹುಟ್ಟಿರಲಿಲ್ಲ, ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಅವು ಸಮುದ್ರದ ದಂಡ್ಯಾಗ ಪದರದ ಮ್ಯಾಲ ಪದರ ಕಟ್ಟಿ ಬಿಟ್ಟುಹೋದ ಗುರ್ತು ಉಳ್ಳಾಗಡ್ಡಿ ಹೆಚ್ಚಿದಂಗ ಕಾಣ್ತೈತಿ, ಅದಕ್ಕ ಸ್ಟ್ರೊಮಾಟೊಲೈಟ್ ಅಂತಾರ. ಅದು ನಿಮ್ಮ ಕಡೆ ಐತಿ. ಡೈನೋಸಾರ್ ಅಲ್ಲ ಅಂತ ಅದನ್ನ ಸಣ್ಣದು ಅನ್ಕೋಬ್ಯಾಡ.

ಇನ್ನ ವಿಜಯಪುರ ಮತ್ತ ಬೆಳಗಾವಿ ಜಿಲ್ಲೆಯ ಉತ್ತರದ ಕಡೆ ಕರೇ ಕಲ್ಲು, ಗೋಳಗುಮ್ಮಟ ಕಟ್ಟಿದ ಕಲ್ಲು, ಅದು ಸುಮಾರು 6.6 ಕೋಟಿ ವರ್ಷದ ಹಿಂದ ಹರಿದ ಲಾವಾ. ಕಾಲ ಸರಿ ಐತಿ, ಡೈನೋಸಾರ್ ಕಡೇ ದಿನಗಳು ಅವು, ಆದ್ರ ಕುದಿಯೋ ಲಾವಾದೊಳಗ ಎಲುಬು ಹೆಂಗ ಉಳೀಬೇಕು? ಉಳದಿದ್ದು ಲಾವಾದ ಕೆಳಗ, ಹೊಳಿ ಕೆರಿ ತಂದು ಹಾಕಿದ ಮಣ್ಣಿನ್ಯಾಗ. ಜಬಲಪುರದಾಗ 1828ರಲ್ಲಿ ಸ್ಲೀಮನ್ ಅನ್ನೋ ಬ್ರಿಟಿಷ್ ಅಧಿಕಾರಿಗೆ ಎಲುಬು ಸಿಕ್ಕಿದ್ದು ಅಂಥಾ ಪದರದಾಗ, ಗುಜರಾತಿನ ರಾಜಾಸಾರಸ್ ಅನ್ನೋ ಡೈನೋಸಾರ್ ಸಿಕ್ಕಿದ್ದೂ ಅಂಥಾ ಪದರದಾಗನ. ಅದಕ್ಕ ಆ ಕರೇ ಕಲ್ಲಿನ ಸೀಮ್ಯಾಗ ನಿಮ್ಮ ಬೀಗರ ಊರಾಗ ಯಾರರ ಬಾವಿ ತೋಡಾಕತ್ತಿದ್ರ, ಎರಡು ಕರೇ ಕಲ್ಲಿನ ನಡುವ ಬೂದಿ ಬಣ್ಣದ್ದೋ ಬಿಳೇದೋ ಮೆತ್ತನ್ನ ಪದರ ಬಂತಂದ್ರ ಅಲ್ಲಿ ಕುಂತು ಸಾವಕಾಶ ನೋಡು. ಎರಡು ಲಾವಾದ ನಡುವಿನ ಕಾಲದಾಗ ಇದ್ದ ಕೆರಿಯ ಮಣ್ಣು ಅದಾಗಿರಬಹುದು, ದಖ್ಖನ್ನಿನ ಎಷ್ಟೋ ಕಡೆ ಅಂಥಾ ಮಣ್ಣಾಗ ಬಸವನಹುಳದ ಚಿಪ್ಪು, ಮೀನಿನ ಹಲ್ಲು ಸಿಕ್ಕಾವ.

ಹಂಗಂತ ನಮ್ಮ ನಾಡಾಗ ಎಲುಬ ಸಿಕ್ಕಿಲ್ಲ ಅಂತಲ್ಲ. ಬ್ರಿಟಿಷ್ ಕಾಲದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವ್ರಿಗೆ ಗೋಕಾಕ ಹತ್ರ ಘೇಂಡಾಮೃಗದ ಎಲುಬು ಸಿಕ್ಕು, 1874ರಾಗ ಅದಕ್ಕ ರೈನೋಸೆರಸ್ ಡೆಕ್ಕನೆನ್ಸಿಸ್ ಅಂತ ಹೆಸರಿಟ್ರು. ಅದು ಸರೀಸೃಪ ಅಲ್ಲ, ಡೈನೋಸಾರ್ ಹೋಗಿ ಕೋಟಿಗಟ್ಟಲೆ ವರ್ಷ ಆದಮ್ಯಾಲಿಂದು. ಆದ್ರ ಒಂದು ಕಾಲಕ್ಕ ಘಟಪ್ರಭಾ ದಂಡಿಮ್ಯಾಲ ಘೇಂಡಾಮೃಗ ಮೇಯ್ತಿದ್ವು ಅನ್ನೋದ್ ಗೊತ್ತಾದ ದಿನ ನನಗ ರಾತ್ರಿ ನಿದ್ದಿ ಬಂದಿರಲಿಲ್ಲ.

ಈಗ ತಗಿಯೋದರ ಮಾತು. ಕಾಲೇಜಿನ ದಿನದಾಗ ನನಗೂ ಹೊಳಿ ದಂಡ್ಯಾಗ ಒಂದು ಎಲುಬು ಸಿಕ್ಕಿತ್ತು, ಭಾರ ಇತ್ತು, ಕಲ್ಲಾಗಿತ್ತು, ಖುಷಿಯೊಳಗ ಅದನ್ನ ಕಿತ್ತು ಟವಲ್‌ನಾಗ ಕಟ್ಕೊಂಡು ಮನಿಗೆ ತಂದು ನಳದ ಕೆಳಗ ತಿಕ್ಕಿ ತೊಳದೆ. ಮುಂದ ನಮ್ಮ ಗುರುಗಳಿಗೆ ತೋರಿಸಿದ್ರ ಅವ್ರು ಕೇಳಿದ್ದು ಒಂದ ಮಾತು, ‘ಯಾವ ಪದರದಾಗ ಇತ್ತಪಾ?’ ನನಗ ಗೊತ್ತಿರಲಿಲ್ಲ. ವಾಪಸ್ ಹೋಗಿ ನೋಡೂದ್ರಾಗ ಮಳಿಗೆ ದಂಡಿ ಕುಸದಿತ್ತು. ಆ ಎಲುಬು ಇವತ್ತಿಗೂ ನನ್ನ ಕಪಾಟಿನ್ಯಾಗ ಐತಿ, ಅದು ಎಷ್ಟು ವರ್ಷದ್ದು ಅಂತ ಯಾರೂ ಹೇಳಾಕಾಗಂಗಿಲ್ಲ, ನೋಡಿದಾಗೊಮ್ಮೆ ಹೊಟ್ಟ್ಯಾಗ ಸಂಕಟ ಆಗ್ತೈತಿ.

ಅದಕ್ಕ ಕಂಡದ್ದನ್ನ ಮುಟ್ಟೂಕಿಂತ ಮೊದಲ ಫೋಟೋ ತಗಿ, ಬಾಜೂಕ ಒಂದು ಸ್ಕೇಲ್ ಇಲ್ಲಾ ಪೆನ್ನು ಇಟ್ಟು ತಗಿ, ದೂರ ನಿಂತು ಇಡೀ ದಂಡಿ ಕಾಣೋಹಂಗ ಇನ್ನೊಂದ್ ತಗಿ. ಮೊಬೈಲ್‌ನಾಗ ಲೊಕೇಶನ್ ಉಳಿಸ್ಕೊ, ಮ್ಯಾಲಿಂದ ಎಷ್ಟ್ ಫೂಟ್ ಕೆಳಗ, ಮಣ್ಣು ಎಂಥಾದ್ದು ಅಂತ ನೋಟ್‌ಬುಕ್ಕಿನ್ಯಾಗ ಬರಿ. ಹೊಲದವ್ರನ್ನ ಕೇಳು. ಉದುರಿ ಬಿದ್ದದ್ದಿದ್ರ ಒಣಾ ಪೇಪರ್‌ನಾಗ ಸುತ್ತಿ ಮ್ಯಾಲ ಚೀಟಿ ಹಚ್ಚು, ತೊಳೀಬ್ಯಾಡ, ಫೆವಿಕಾಲ್ ಅಂತೂ ಹಚ್ಚಲೇಬ್ಯಾಡ. ಮಣ್ಣಾಗ ಹುಗದಿದ್ದನ್ನ ಕೀಳಾಕ ಹೋಗಬ್ಯಾಡ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನದವ್ರಿಗೋ ಬೆಂಗಳೂರಿನ ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಆಫೀಸಿಗೋ ತಿಳಿಸು. ಅವ್ರು ಸುತ್ತ ಬಿಡಿಸಿ, ಗೋಣಿಪಟ್ಟಿ ಪ್ಲಾಸ್ಟರ್ ಹಾಕಿ, ಮುರದ ಕೈಗೆ ಕಟ್ಟು ಹಾಕಿದಂಗ ಗಟ್ಟಿ ಮಾಡಿ ಎತ್ತತಾರ. ದೊಡ್ಡ ತಜ್ಞರ ಕೈಯಾಗೂ ಇವು ಉಳೀದ ಹೋಗ್ತಾವ. ತಮಿಳುನಾಡಿನ ಅರಿಯಲೂರು ಕಡೆ ಸಿಕ್ಕ ಬೃಹತ್ಕಾಯೋಸಾರಸ್ ಅನ್ನೋ ಡೈನೋಸಾರ್, 1987ರಾಗ ಹೆಸರಿಟ್ರು, ಮೊಣಕಾಲ ಕೆಳಗಿನ ಎಲುಬೊಂದ 2 ಮೀಟರ್ ಇತ್ತು, ಅಷ್ಟ್ ದೊಡ್ಡ ಎಲುಬು ಪುಡಿಪುಡಿಯಾಗಿ ಹೋದ್ವು, ಈಗ ಉಳದಿದ್ದು ಚಿತ್ರ ಫೋಟೋ ಅಷ್ಟ.

ಪ್ರಶ್ನೆ: ನಾನು ಇಂಡಿ ತಾಲೂಕಿನ ಶಾಲಿ ಟೀಚರ್. ನಮ್ಮೂರಾಗ ಬಾವಿ ತೋಡುವಾಗ ಗುಂಡಗಿನ ಕಲ್ಲು ಬಂದಾವ್ರಿ, ಸಿಪ್ಪಿ ಸಿಪ್ಪಿ ಬಿಚ್ಚತಾವ, ಮಕ್ಕಳು ಡೈನೋಸಾರ್ ತತ್ತಿ ಅಂತಾವ. ಹಿರೇರು ಕುಂಕುಮ ಹಚ್ಚಿ ಇಟ್ಟಾರ. ಏನಂತ ಹೇಳ್ಲಿ?

ಉತ್ತರ: ಅಕ್ಕಾರ, ಅವು ತತ್ತಿ ಅಲ್ರಿ. ಕರೇ ಕಲ್ಲಿನ ಬಿರುಕಿನ್ಯಾಗ ನೀರು ಇಳದು ಮೂಲಿಗಳು ಮೊದಲ ಸವದು, ಒಳಗಿನ ಗಡ್ಡಿ ಗುಂಡಗಾಗಿ ಉಳೀತೈತಿ, ಸುತ್ತ ಉಳ್ಳಾಗಡ್ಡಿಗತೆ ಪದರ ಬಿಚ್ಚತಾವ. ಖರೇ ತತ್ತಿಗೆ ಇಷ್ಟ್ ಪದರ ಇರಂಗಿಲ್ಲ, ಒಂದೆರಡು ಮಿಲಿಮೀಟರಿನ ತೆಳ್ಳನ್ನ ಚಿಪ್ಪು ಇರ್ತೈತಿ, ಭೂತಗನ್ನಡಿ ಹಿಡದ್ರ ಉಸುರಾಡೋ ಸಣ್ಣ ತೂತು ಕಾಣ್ತಾವ. ಆದ್ರ ಮಕ್ಕಳನ್ನ ಬೈಬ್ಯಾಡ್ರಿ, ಪೂಜಿ ಮಾಡಿದವ್ರಿಗೂ ಏನೂ ಅನಬ್ಯಾಡ್ರಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯಾಗ ಜನ ತಲತಲಾಂತರದಿಂದ ಹೊಲ ಕಾಯೋ ಭೈರವ ಅಂತ ಪೂಜಿ ಮಾಡ್ಕೊಂಡು ಬಂದ ಗುಂಡುಗಳು ಖರೇನ ಡೈನೋಸಾರ್ ತತ್ತಿ ಅಂತ ತಜ್ಞರು ಗುರ್ತಿಸಿದ್ರು, ಪೂಜಿ ಮಾಡಿದ್ದಕ್ಕನ ಅವು ಒಡೀದ ಉಳದ್ವು ಅಂತ ನಾ ತಿಳ್ಕೊಂಡೀನಿ. ಅದ ಜಿಲ್ಲೆಯಾಗ 92 ಗೂಡು, 256 ತತ್ತಿ ಸಿಕ್ಕದ್ದನ್ನ 2023ರಾಗ ಪ್ರಕಟ ಮಾಡ್ಯಾರ. ಗುಜರಾತಿನ್ಯಾಗ ಇನ್ನೊಂದು ಸಿಕ್ಕೈತಿ, ಡೈನೋಸಾರ್ ಗೂಡಿನ್ಯಾಗ ಆಗಷ್ಟ ಹುಟ್ಟಿದ ಮರಿ, ಬಾಜೂಕ ಒಡದ ತತ್ತಿ ಸುತ್ಕೊಂಡು ಕುಂತ 3.5 ಮೀಟರಿನ ಹಾವು, ಅದರ ಹೆಸರು ಸನಾಜೆ ಇಂಡಿಕಸ್. ಮಣ್ಣು ಒಮ್ಮೆಲೆ ಕುಸದು ಎಲ್ಲಾ ಹಂಗ ಮುಚ್ಚಿಹೋಗ್ಯಾವ. ಈ ಕಥಿ ನಿಮ್ಮ ಮಕ್ಕಳಿಗೆ ಹೇಳ್ರಿ. ನಿಮ್ಮೂರ ಗುಂಡುಗಳೂ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾನ, ಅದನ್ನೂ ಹೇಳ್ರಿ.

ಪ್ರಶ್ನೆ: ಬೆಳಗಾವಿಯಿಂದ. ಆನ್‌ಲೈನ್‌ನಾಗ ಮೊಸಾಸಾರ್ ಹಲ್ಲು ಮಾರ್ತಾರ್ರಿ, ತಗೋಬೇಕೋ ಬ್ಯಾಡೋ?

ಉತ್ತರ: ನಾ ಆದ್ರ ತಗೋಳಂಗಿಲ್ರಿ. ಮೊಸಾಸಾರ್ ಅಂದ್ರ ಡೈನೋಸಾರ್ ಕಾಲದಾಗ ಸಮುದ್ರದಾಗಿದ್ದ ದೊಡ್ಡ ಸರೀಸೃಪ. ಅವು ಬಹಳಷ್ಟು ಮೊರಾಕ್ಕೋದ ಫಾಸ್ಫೇಟ್ ಗಣಿಯಿಂದ ಬರ್ತಾವ, ಹಲ್ಲು ಖರೇ ಇದ್ರೂ ಬೇರು ಮರಳು ಅಂಟು ಕಲಸಿ ಕೂಡಿಸಿದ್ದು ಇರ್ತೈತಿ. ಅಸಿಟೋನ್‌ನಾಗ ಹತ್ತಿ ಅದ್ದಿ ಸಂದಿಗೆ ಒರಸಿದ್ರ ಅಂಟು ಮೆತ್ತಗಾಗಿ ಗೊತ್ತಾಗಬಹುದು. ಯಾವ ಗಣಿ ಯಾವ ಪದರ ಅನ್ನೋ ಚೀಟಿ ಅದರ ಸಂಗತೀ ಬರಂಗಿಲ್ಲ, ನನ್ನ ಕಪಾಟಿನ ಎಲುಬಿನ ಗತಿನ ಅದಕ್ಕೂ.

ಪ್ರಶ್ನೆ: ಖರೇ ಡೈನೋಸಾರ್ ಎಲುಬು ನೋಡಾಕ ಎಲ್ಲಿಗೆ ಹೋಗ್ಬೇಕ್ರಿ? – ಜಮಖಂಡಿ

ಉತ್ತರ: ಹತ್ರ ಅಂದ್ರ ಹೈದರಾಬಾದ್, ಅಲ್ಲಿ ಬಿರ್ಲಾ ವಿಜ್ಞಾನ ಕೇಂದ್ರದಾಗ ಕೋಟಾಸಾರಸ್ ಅನ್ನೋ ಡೈನೋಸಾರಿನ ಎಲುಬಿನ ಹಂದರ ನಿಂತೈತಿ. ಕೋಲ್ಕತ್ತಾಕ್ಕ ಹೋದ್ರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಾಗ ಬರಪಾಸಾರಸ್ ಟಾಗೋರಿ ಅನ್ನೋ ಡೈನೋಸಾರ್ ನೋಡ್ರಿ, ಬಂಗಾಲಿಯಾಗ ಬರ-ಪಾ ಅಂದ್ರ ದೊಡ್ಡ ಕಾಲು, ಟಾಗೋರಿ ಅಂದಿದ್ದು ರವೀಂದ್ರನಾಥ ಟಾಗೋರರ ಹೆಸರಿನ್ಯಾಗ. ಎರಡೂ ಸಿಕ್ಕಿದ್ದು ಗೋದಾವರಿ ಕಣಿವ್ಯಾಗ. ಮಕ್ಕಳಿದ್ರ ಕರ್ಕೊಂಡು ಹೋಗ್ರಿ, ಅವಸರ ಮಾಡಬ್ಯಾಡ್ರಿ, ಬೆನ್ನೆಲುಬು ಒಂದೊಂದಾಗಿ ಎಣಿಸಾಕ ಬಿಡ್ರಿ.